ಸರ್ವೆಯವರು ಬಂದಾರ್ರಿ

ಟ್ಯಾಬ್ ಹಿಡಿದು ಯಾವುದಾದರೂ ಓಣಿಗೆ ಕಾಲಿಟ್ಟರೆ ಸಾಕು, ಕಟ್ಟೆ ಮೇಲೆ ಕೂತವರಲ್ಲಿ ಯಾರಾದರೊಬ್ಬರು ಒಳಗಿನವರಿಗೆ ಕೂಗಿ ಹೇಳುತ್ತಾರೆ, "ಸರ್ವೆಯವರು ಬಂದಾರ್ರಿ." ಯಾವ ಸರ್ವೆ, ಯಾರ ಕಡೆಯಿಂದ ಅನ್ನೋದೆಲ್ಲ ಆಮೇಲಿನ ಮಾತು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳ್ಳಿಗಳಿಗೆ ಇದು ರೂಢಿಯಾಗಿಬಿಟ್ಟಿದೆ. ಆಶಾ ಕಾರ್ಯಕರ್ತೆ ಬರೆದುಕೊಂಡು ಹೋಗುತ್ತಾರೆ. ಅಂಗನವಾಡಿ ಟೀಚರ್ ಬರೆದುಕೊಂಡು ಹೋಗುತ್ತಾರೆ. 2025ರಲ್ಲಿ ಜಾತಿ ಸಮೀಕ್ಷೆಗೆ ಅಂತ ಶಾಲೆ ಮೇಷ್ಟ್ರು ಬಂದು ಬರೆದುಕೊಂಡು ಹೋದರು. ಅವರ ಹಿಂದೆ ನಾವು.

ನಾವು ಅಂದರೆ ಮೌಲ್ಯಮಾಪನ ಸಂಸ್ಥೆಯವರು. ಸರ್ಕಾರವೋ, ಕಂಪನಿಯೋ, ಎನ್‌ಜಿಒನೋ ಒಂದು ಕಾರ್ಯಕ್ರಮ ಮಾಡಿರುತ್ತೆ. ಅದು ಜನರಿಗೆ ಮುಟ್ಟಿತಾ, ಮುಟ್ಟಿದ್ದರಿಂದ ಏನಾದರೂ ಬದಲಾಯಿತಾ ಅಂತ ಹೊರಗಿನವರೊಬ್ಬರು ನೋಡಿ ಹೇಳಬೇಕು. ಆ ಹೊರಗಿನವರು ನಾವು. ಆಫೀಸು ಬೆಂಗಳೂರಲ್ಲಿ. ಕೆಲಸ ಬಹುಪಾಲು ಈ ಕಡೆ. ನಾನು ಇಲ್ಲಿಯವಳೇ ಆದ್ದರಿಂದ ಫೀಲ್ಡ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ.

ಈ ಕಡೆಯೇ ಯಾಕೆ ಇಷ್ಟು ಸರ್ವೆ ಅಂದರೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ಮಾಡಿದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು, 114 ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ರಾಯಚೂರು ಜಿಲ್ಲೆಯ ದೇವದುರ್ಗ ಆ ಪಟ್ಟಿಯಲ್ಲಿತ್ತು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರ ಹಿಂದೆ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳು ಅಂತ ಆರಿಸಿದಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿ ಎರಡೇ ಹೋದವು. ದುಡ್ಡು ಬಂದ ಕಡೆ ಲೆಕ್ಕ ಕೇಳುವವರೂ ಬರುತ್ತಾರೆ. ಇದರ ಜೊತೆಗೆ 2021ರ ಜನವರಿಯಲ್ಲಿ, ಕಂಪನಿಗಳು ಲಾಭದಲ್ಲಿ ಒಂದು ಪಾಲು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಸಿಎಸ್‌ಆರ್ ನಿಯಮ ಬದಲಾಯಿತು. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್‌ಗೆ ಖರ್ಚು ಮಾಡಬೇಕಾದ ಕಂಪನಿಗಳು, ಒಂದು ಕೋಟಿ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ನೋಡಿಸಲೇಬೇಕು ಅಂತ ಆಯಿತು. ನಮ್ಮಂಥ ಸಂಸ್ಥೆಗಳಿಗೆ ಕೈತುಂಬ ಕೆಲಸ.

ಆದರೆ ಈ ಕೆಲಸ ಮಾಡುವವರು ಯಾರು? ವರದಿ ತೆರೆದರೆ ಎರಡನೇ ಪುಟದಲ್ಲಿ ತಂಡದ ಪಟ್ಟಿ ಇರುತ್ತೆ. ಪ್ರಧಾನ ಸಂಶೋಧಕರು, ವಿಷಯ ತಜ್ಞರು, ಸಂಖ್ಯಾಶಾಸ್ತ್ರಜ್ಞರು. ಹೆಸರಿನ ಹಿಂದೆ ಡಾಕ್ಟರ್, ಮುಂದೆ ಪದವಿ. ಈ ಪಟ್ಟಿ ಹೇಗೆ ಹುಟ್ಟುತ್ತದೆ ಅನ್ನೋದು ಒಳಗಿನವರಿಗೆ ಗೊತ್ತು. ಟೆಂಡರ್‌ನಲ್ಲಿ ತಾಂತ್ರಿಕ ಅಂಕ ಅಂತ ಇರುತ್ತೆ, ಅದರಲ್ಲಿ ತಂಡದ ಸಿವಿಗಳಿಗೆ ದೊಡ್ಡ ಪಾಲು. ಕೃಷಿ ಯೋಜನೆ ಆದರೆ ಕೃಷಿ ವಿಶ್ವವಿದ್ಯಾಲಯದ ನಿವೃತ್ತ ಪ್ರೊಫೆಸರ್ ಬೇಕು. ಪೌಷ್ಟಿಕಾಂಶ ಆದರೆ ವೈದ್ಯರು ಬೇಕು. ಕೊನೆ ದಿನಾಂಕ ಹತ್ತಿರ ಬಂದಾಗ ಫೋನು ಶುರು. "ಸರ್, ನಿಮ್ಮ ಸಿವಿ ಹಾಕ್ಕೊಳ್ಳಬಹುದಾ?" "ಹಾಕ್ಕೊಳ್ಳಿ, ಆಮೇಲೆ ನೋಡೋಣ." ಒಬ್ಬರ ಸಿವಿಯೇ ಒಂದೇ ಟೆಂಡರ್‌ಗೆ ಹಾಕಿದ ಎರಡು ಸಂಸ್ಥೆಗಳ ಕಡತದಲ್ಲಿ ಸಿಕ್ಕಿ ಗಲಿಬಿಲಿ ಆಗಿದ್ದೂ ಉಂಟು. ಕೆಲಸ ಸಿಕ್ಕ ಮೇಲೆ ಅವರಿಗೆ ಬಿಡುವಿರುವುದಿಲ್ಲ. ಆಗ ‘ಸಮಾನ ಅರ್ಹತೆಯ’ ಇನ್ನೊಬ್ಬರನ್ನು ಹಾಕುತ್ತೇವೆ ಅಂತ ಇಲಾಖೆಗೆ ಒಂದು ಪತ್ರ.

ಸಿವಿಯನ್ನು ಯಾರೂ ಕೇಳದ ಜನ ಇನ್ನೊಂದಿಷ್ಟಿದ್ದಾರೆ. ಎಷ್ಟು ಮನೆ ಸ್ಯಾಂಪಲ್ ಅಂತ ಟೆಂಡರ್ ಕೇಳುತ್ತೆ, ಆ ಮನೆಗಳ ಬಾಗಿಲು ತಟ್ಟುವವರು ಯಾರು ಅಂತ ಅಷ್ಟಾಗಿ ಕೇಳುವುದಿಲ್ಲ. ನಮ್ಮ ಭಾಷೆಯಲ್ಲಿ ಅವರು ಎನ್ಯುಮರೇಟರ್, ಇಲ್ಲವೇ ಎಫ್‌ಐ. ಫೀಲ್ಡ್ ಇನ್ವೆಸ್ಟಿಗೇಟರ್ ಅನ್ನೋದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಈ ಎಫ್‌ಐಗಳು ಎಂಥವರು ಅಂದರೆ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ ಮಾಡಿ ಕೆಲಸಕ್ಕೆ ಕಾಯುತ್ತಿರುವವರು. ಬಿ.ಎಡ್ ಮುಗಿಸಿ ಶಿಕ್ಷಕರ ನೇಮಕಾತಿಗೆ ಓದುತ್ತಿರುವವರು. ಕಾಲೇಜಿಗೆ ರಜೆ ಬಿದ್ದರೆ ಸಂಬಳ ನಿಲ್ಲುವ ಅತಿಥಿ ಉಪನ್ಯಾಸಕರು. ಹಿಂದೆ ಯಾವುದೋ ಎನ್‌ಜಿಒದಲ್ಲಿದ್ದು, ಯೋಜನೆ ಮುಗಿದು ಮನೆಯಲ್ಲಿ ಕೂತ ಹೆಣ್ಣುಮಕ್ಕಳು. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಸಂಸ್ಥೆಯ ವಾಟ್ಸ್ಯಾಪ್ ಗ್ರೂಪಿಗೆ ಹೋಗುತ್ತಾರೆ. ಸಿಂಧನೂರಿನ ಒಬ್ಬ ಎಫ್‌ಐ ನನಗಿಂತ ಜಾಸ್ತಿ ಸಂಸ್ಥೆಗಳ ಒಳಹೊರಗು ಬಲ್ಲ. ಯಾವ ಸಂಸ್ಥೆ ಟಿಎ ಸರಿಯಾಗಿ ಕೊಡುತ್ತೆ, ಯಾವುದು ಮೂರು ತಿಂಗಳು ಓಡಾಡಿಸುತ್ತೆ ಅಂತ ಅವನನ್ನು ಕೇಳಬೇಕು.

ಕೂಲಿ ಎರಡು ಥರ. ದಿನದ ಲೆಕ್ಕ ಒಂದು, ಫಾರ್ಮಿನ ಲೆಕ್ಕ ಇನ್ನೊಂದು. ಫಾರ್ಮಿನ ಲೆಕ್ಕ ಸಂಸ್ಥೆಗೆ ಅನುಕೂಲ, ಕೆಲಸಕ್ಕೆ ಕೇಡು. ಒಂದು ಫಾರ್ಮಿಗೆ ಇಷ್ಟು ಅಂದಮೇಲೆ ಅಜ್ಜಿಯೊಬ್ಬಳು ತನ್ನ ಕಷ್ಟ ಹೇಳಲು ಶುರು ಮಾಡಿದರೆ ಎಫ್‌ಐ ಕಣ್ಣು ಗಡಿಯಾರದ ಮೇಲೆ ಇರುತ್ತೆ. ಗುಡಿ ಕಟ್ಟೆ ಮೇಲೆ ಕೂತು ತಾವೇ ಫಾರ್ಮ್ ತುಂಬಿದವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಅಂಥ ಫಾರ್ಮು ಸಿಕ್ಕಿಬೀಳುವ ರೀತಿ ಮಜವಾಗಿರುತ್ತೆ. ನಮ್ಮ ಹಳ್ಳಿಗಳಲ್ಲಿ ವಯಸ್ಸಾದವರನ್ನು ವಯಸ್ಸು ಕೇಳಿದರೆ ಐವತ್ತು, ಐವತ್ತೈದು, ಅರವತ್ತು ಅಂತಲೇ ಬರುತ್ತೆ. ಹುಟ್ಟಿದ ವರ್ಷ ಯಾರಿಗೆ ಗೊತ್ತು? ಆದ್ದರಿಂದ ನಿಜವಾದ ಡೇಟಾದಲ್ಲಿ ಸೊನ್ನೆಗೂ ಐದಕ್ಕೂ ಮುಗಿಯುವ ವಯಸ್ಸು ಗುಂಪುಗಟ್ಟಿರುತ್ತವೆ. 53, 58, 61, 67 ಅಂತ ಅಚ್ಚುಕಟ್ಟಾಗಿ ಹರಡಿಕೊಂಡ ಫಾರ್ಮು ಕಂಡರೆ ಅನುಮಾನ ಪಡಬೇಕು. ಕಟ್ಟೆ ಮೇಲೆ ಕೂತವನು ಜಾಣತನ ಮಾಡಲು ಹೋಗಿ ಸಿಕ್ಕಿಬಿದ್ದಿರುತ್ತಾನೆ.

ಒಳ್ಳೆಯ ಎಫ್‌ಐ ವಯಸ್ಸನ್ನು ಬೇರೆ ದಾರಿಯಲ್ಲಿ ಹಿಡಿಯುತ್ತಾರೆ. "ಯವ್ವಾ, ಡ್ಯಾಮಿಗೆ ನೀರು ಬಿಟ್ಟಾಗ ನೀ ಹುಟ್ಟಿದ್ದೇನು?" ತುಂಗಭದ್ರಾ ಅಣೆಕಟ್ಟು 1953ರದು. "ಎಪ್ಪತ್ತೆರಡರ ಬರದಾಗ ನಿನ್ನ ಲಗ್ನ ಆಗಿತ್ತೇನು?" "ಬರದಾಗ ನನ್ನ ಹಿರೇಮಗ ತೊಟ್ಟಿಲಾಗ ಇದ್ದ ನೋಡು." ಅಷ್ಟು ಸಿಕ್ಕರೆ ಸಾಕು. ತರಬೇತಿಯಲ್ಲಿ ನಾವು ಘಟನೆಗಳ ಪಟ್ಟಿ ಅಂತ ಒಂದು ಹಾಳೆ ಕೊಡುತ್ತೇವೆ. ಅದರಲ್ಲಿರುವ ಅರ್ಧ ಸಂಗತಿ ಎಫ್‌ಐಗಳೇ ಹೇಳಿ ಸೇರಿಸಿದ್ದು.

ಬೆಂಗಳೂರಿನಿಂದ ಬರುವ ರಿಸರ್ಚ್ ಅಸೋಸಿಯೇಟ್‌ಗಳದ್ದು ಇನ್ನೊಂದು ಲೋಕ. ಎಲ್ಲರೂ ಇಪ್ಪತ್ತರ ಹರೆಯದವರು. ಡೆವಲಪ್‌ಮೆಂಟ್ ಎಂಎ ಮಾಡಿಕೊಂಡು, ಅಂಕಿಅಂಶದ ಸಾಫ್ಟ್‌ವೇರ್ ಸ್ಟಾಟಾನೋ ಆರ್‌ನೋ ಕಲಿತು ಬಂದವರು. ಮೊದಲ ಸಲ ಏಪ್ರಿಲ್‌ನಲ್ಲಿ ರಾಯಚೂರು ಸ್ಟೇಷನ್‌ನಲ್ಲಿ ಇಳಿದಾಗ ಅವರ ಮುಖ ನೋಡಬೇಕು. ಒಂದು ವಾರದಲ್ಲಿ ಒಗ್ಗರಣೆ-ಮಿರ್ಚಿಗೆ ಒಗ್ಗಿಕೊಳ್ಳುತ್ತಾರೆ, ಬಿಸಿಲಿಗೆ ಒಗ್ಗುವುದು ಮಾತ್ರ ಆಗುವುದಿಲ್ಲ. ರಾತ್ರಿ ಲಾಡ್ಜ್‌ನಲ್ಲಿ ಕೂತು ಆ ದಿನ ಬಂದ ಫಾರ್ಮುಗಳನ್ನು ತಿಕ್ಕಿ ನೋಡುವುದು ಅವರ ಕೆಲಸ. ಯಾವ ಸಂದರ್ಶನ ಎಷ್ಟು ನಿಮಿಷ ತೆಗೆದುಕೊಂಡಿತು, ಜಿಪಿಎಸ್ ಊರ ಒಳಗೆ ತೋರಿಸುತ್ತಾ ಹೊರಗೆ ತೋರಿಸುತ್ತಾ, ಯಾರ ಫಾರ್ಮಿನಲ್ಲಿ ‘ಗೊತ್ತಿಲ್ಲ’ ಜಾಸ್ತಿ.

ಕುಷ್ಟಗಿಯ ಲಾಡ್ಜ್‌ನಲ್ಲಿ ಒಬ್ಬ ಹುಡುಗಿ ಹೀಗೇ ರಾತ್ರಿ ನನ್ನ ಬಾಗಿಲು ತಟ್ಟಿದಳು. ಎಲ್ಲರಿಗೂ ನಲವತ್ತು ನಿಮಿಷ ಆಗುವ ಫಾರ್ಮನ್ನು ಒಬ್ಬ ಎಫ್‌ಐ ಹದಿನಾಲ್ಕು ನಿಮಿಷದಲ್ಲಿ ಮುಗಿಸಿದ್ದಾನೆ ಅಂತ ಅವಳ ದೂರು. ಅವನಿಗೆ ಫೋನ್ ಮಾಡಿದೆವು. ಆತ ಸಿಟ್ಟಾಗಲಿಲ್ಲ. "ಮೇಡಮ್ರಿ, ಅದು ಒಬ್ಬಾಕೀನ ಇರೋ ಮುದುಕಿ ಮನಿ. ಮಕ್ಕಳ ಪ್ರಶ್ನೆ ಇಲ್ಲ, ಹೊಲದ ಪ್ರಶ್ನೆ ಇಲ್ಲ, ದನದ ಪ್ರಶ್ನೆ ಇಲ್ಲ. ಎಲ್ಲಾ ಸ್ಕಿಪ್ ಆಗಿ ಕಡೀಕ ಬಂತು. ಏನೂ ಇಲ್ಲದವರ ಫಾರ್ಮು ಲಗೂನ ಮುಗೀತದ್ರಿ." ಆ ಹುಡುಗಿ ಆ ಮಾತನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ವರದಿಗೆ ಹೋಗಲಿಲ್ಲ. ಹೋಗಲು ವರದಿಯಲ್ಲಿ ಜಾಗ ಇರಲಿಲ್ಲ.

ಹೆಣ್ಣುಮಕ್ಕಳ ಕಷ್ಟ ಬೇರೆಯೇ. ಗರ್ಭಿಣಿಯರ, ಬಾಣಂತಿಯರ ಪ್ರಶ್ನೆ ಕೇಳಲು ಅವರೇ ಬೇಕು. ಆದರೆ ಕೊನೆಯ ಬಸ್ಸು, ರಾತ್ರಿ ಉಳಿಯುವ ಲಾಡ್ಜು, ಹಗಲು ಹೋಗಲು ಒಂದು ಶೌಚಾಲಯ, ಇವುಗಳನ್ನು ಬಜೆಟ್ ಹಾಕುವಾಗ ಯಾರೂ ಯೋಚಿಸಿರುವುದಿಲ್ಲ. ಊರಿಗೆಲ್ಲ ಶೌಚಾಲಯ ಆಗಿದೆಯಾ ಅಂತ ಕೇಳಿಕೊಂಡು ತಿರುಗುವವಳು ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತಾಳೆ. ಜಾತಿಯ ಮಾತೂ ಹಾಗೇ. ಬಾಗಿಲಲ್ಲಿ ಮೊದಲ ಪ್ರಶ್ನೆ ನಮ್ಮದಾಗಿರುವುದಿಲ್ಲ, ಅವರದಾಗಿರುತ್ತೆ. "ನೀವು ಯಾರ ಪೈಕಿ ರೀ?" ಅದರ ಉತ್ತರದ ಮೇಲೆ ಎಲ್ಲಿ ಕೂರಿಸುತ್ತಾರೆ, ನೀರು ಯಾವ ಲೋಟದಲ್ಲಿ ಕೊಡುತ್ತಾರೆ ಅನ್ನೋದು ತೀರ್ಮಾನ ಆಗುತ್ತೆ. ನಮ್ಮ ಎಫ್‌ಐಗಳಲ್ಲಿ ಇದನ್ನು ಅನುಭವಿಸಿದವರಿದ್ದಾರೆ. ಮಧ್ಯಾಹ್ನ ಅದನ್ನು ನುಂಗಿಕೊಂಡು, ಸಂಜೆ ಹೊತ್ತಿಗೆ ಅದೇ ಮನೆಯ ಫಾರ್ಮನ್ನು ಅಪ್‌ಲೋಡ್ ಮಾಡಿರುತ್ತಾರೆ.

ಜನ ನಮಗೆ ಪೂರ್ತಿ ನಿಜ ಹೇಳುತ್ತಾರೆ ಅಂತ ನಾನು ನಂಬಿಲ್ಲ. ಯಾಕೆ ಹೇಳಬೇಕು? "ಇದರಿಂದ ನಮಗೇನು ಸಿಗ್ತದ?" ಅಂತ ಕೇಳುತ್ತಾರೆ, ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಈಚೆಗೆ ಬಿಪಿಎಲ್ ಕಾರ್ಡ್ ಹೋಗುತ್ತೆ ಅನ್ನೋ ಹೆದರಿಕೆ ಬೇರೆ ಸೇರಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋದರೆ? ಆದ್ದರಿಂದ ಫ್ರಿಜ್ ಇಲ್ಲ ಅನ್ನುತ್ತಾರೆ, ಅದು ಅಡುಗೆಮನೆ ಬಾಗಿಲಿನಿಂದ ಇಣುಕುತ್ತಿರುತ್ತೆ. ಶೌಚಾಲಯ ಬಳಸುತ್ತೀರಾ ಅಂದರೆ ಹೂಂ ಅನ್ನುತ್ತಾರೆ. ಪಳಗಿದ ಎಫ್‌ಐ ಹಿತ್ತಲಿಗೆ ಹೋಗಿ ನೋಡುತ್ತಾಳೆ. ಬಾಗಿಲಿಗೆ ಹೋಗುವ ಕಾಲುದಾರಿ ಸವೆದಿದೆಯಾ, ಒಳಗೆ ಬಕೆಟ್ ಇದೆಯಾ, ಇಲ್ಲಾ ಹತ್ತಿ ಕಟ್ಟಿಗೆ ಒಟ್ಟಿದ್ದಾರಾ. ಫಾರ್ಮಿನಲ್ಲಿ ಅದಕ್ಕೊಂದು ‘ಗಮನಿಸಿದ್ದು’ ಅನ್ನೋ ಕಾಲಂ ಸೇರಿಸಿದ್ದು ಅವರ ಒತ್ತಾಯದಿಂದಲೇ.

ಇನ್ನು ಕನ್ಸಲ್ಟೆಂಟ್‌ಗಳ, ಅಂದರೆ ಎರಡನೇ ಪುಟದ ಆ ತಜ್ಞರ ವಿಷಯ. ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ, ಯಾಕಂದರೆ ಅವರಲ್ಲಿ ಎರಡು ಥರದವರನ್ನೂ ನೋಡಿದ್ದೇನೆ.

ಮೊದಲನೆಯವರು ಇನ್ನೋವಾದಲ್ಲಿ ಬರುವವರು. ಹಂಪಿ ನೋಡಿಕೊಂಡು, ಮಧ್ಯಾಹ್ನದ ಊಟ ಮುಗಿಸಿ, ಪಂಚಾಯಿತಿ ಆಫೀಸಿಗೆ ಬರುತ್ತಾರೆ. ಅಲ್ಲಿ ಪಿಡಿಒ ಸಾಹೇಬರು ಗುಂಪು ಚರ್ಚೆಗೆ ಜನ ಸೇರಿಸಿರುತ್ತಾರೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಿರುತ್ತಾರೆ. ಪಂಚಾಯಿತಿ ಮೆಂಬರ್ ಕಿಟಕಿ ಹತ್ತಿರ ನಿಂತಿರುತ್ತಾನೆ. "ಯೋಜನೆಯಿಂದ ಅನುಕೂಲ ಆಗಿದೆಯಾ?" "ಆಗೇದ್ರಿ." "ಏನಾದರೂ ತೊಂದರೆ?" ಎಲ್ಲರೂ ಮೆಂಬರ್ ಕಡೆ ನೋಡುತ್ತಾರೆ. "ಏನಿಲ್ರಿ." ಚಹಾ, ಬಿಸ್ಕತ್ತು, ಫೋಟೊ. ವರದಿಯಲ್ಲಿ ಸಮುದಾಯ ತೃಪ್ತಿ ವ್ಯಕ್ತಪಡಿಸಿತು ಅಂತ ಒಂದು ಪ್ಯಾರಾ. ಮೂಲೆಯಲ್ಲಿ ನಿಂತು ಟಿಪ್ಪಣಿ ಮಾಡಿಕೊಳ್ಳುವ ಎಫ್‌ಐಗೆ ಗೊತ್ತು, ಹಿಂದಿನ ದಿನ ಅದೇ ಹೆಣ್ಣುಮಕ್ಕಳು ತಮ್ಮ ಮನೆ ಕಟ್ಟೆ ಮೇಲೆ ಏನು ಹೇಳಿದ್ದರು ಅಂತ.

ಎರಡನೆಯವರು ಅಪರೂಪ. ನಿವೃತ್ತ ನೀರಾವರಿ ಇಂಜಿನಿಯರ್ ಒಬ್ಬರು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಕೆದಾರರ ಸಂಘಗಳ ಅಧ್ಯಯನಕ್ಕೆ ಬಂದಿದ್ದರು. ಬಂದವರು ಆಫೀಸಿಗೆ ಹೋಗಲಿಲ್ಲ, ಕಾಲುವೆಗೆ ಹೋಗೋಣ ನಡೀರಿ ಅಂದರು. ಸಿಂಧನೂರು ಕಡೆ ಉಪಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಅಂಕಿಗಳ ಮೇಲೆ ಒಂದು ಮಟ್ಟದವರೆಗೆ ಹಸಿರು ಪಾಚಿ ಹತ್ತಿತ್ತು. ಆಮೇಲೆ ಮಾನ್ವಿ ದಾಟಿ ಕೊನೆ ಭಾಗಕ್ಕೆ ಹೋದೆವು. ಅಲ್ಲಿಯ ಗೇಜ್ ಮೇಲೆ ಬಣ್ಣ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ನೀರಿನ ಗೆರೆಯೇ ಬಿದ್ದಿರಲಿಲ್ಲ. "ಇಲ್ಲಿ ಪ್ರಶ್ನಾವಳಿ ಯಾಕೆ ಬೇಕಮ್ಮ" ಅಂತ ನಕ್ಕರು. ಈ ಯೋಜನೆ ಮಾಡುವಾಗ ಬಹಳ ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು, ಜೋಳ, ಹತ್ತಿಯಂಥ ಬೆಳೆ ಉಳಿಸಬೇಕು ಅಂತ ಲೆಕ್ಕ ಹಾಕಿದ್ದು. ಮೇಲ್ಭಾಗದಲ್ಲಿ ಭತ್ತ ಬಂತು, ಕೊನೆಗೆ ನೀರು ಹೋಗಲಿಲ್ಲ. ಇದನ್ನು ಅವರು ಹೇಳಬೇಕಾಗಿರಲಿಲ್ಲ, ಈ ಕಡೆ ಎಲ್ಲರಿಗೂ ಗೊತ್ತು. ಆದರೆ ಅವರು ಮುಂದೆ ಮಾಡಿದ್ದು ನನಗೆ ಹೊಸದು. ನಮ್ಮ ತಂಡದಲ್ಲಿ ಒಬ್ಬ ಎಫ್‌ಐ ಇದ್ದ, ಅವನ ತಂದೆಯ ಹೊಲ ಅದೇ ಕೊನೆ ಭಾಗದಲ್ಲಿ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೀನು ಆಗಿದ್ದರೆ ಏನು ಕೇಳ್ತಿದ್ದೆ?" ಅಂದರು.

ಅವನು ತಡಮಾಡಲಿಲ್ಲ. "ಸರ್, ನೀರು ಸಿಗ್ತದೇನು ಅಂತ ಕೇಳಿದ್ರ ಹೌದು ಅಂತಾರ, ಇಲ್ಲ ಅಂತಾರ, ಅದು ಬ್ಯಾಡ್ರಿ. ರಾತ್ರಿ ತೂಬಿನ ಹತ್ರ ಯಾರು ಕಾಯ್ತೀರಿ, ಕಾಯೋ ಆಳಿಗೆ ಏನು ಕೊಡ್ತೀರಿ ಅಂತ ಕೇಳ್ರಿ." ಮರುದಿನವೇ ಫಾರ್ಮಿಗೆ ಆ ಪ್ರಶ್ನೆ ಸೇರಿತು. ಸಂಘದ ದಾಖಲೆ ಪುಸ್ತಕದಲ್ಲಿ ಎಲ್ಲೂ ಇಲ್ಲದ ಒಂದು ಖರ್ಚು ಅದರಿಂದ ಹೊರಗೆ ಬಂತು. ರಾತ್ರಿಯೆಲ್ಲ ತೂಬು ಕಾಯುವ ಕೂಲಿ. ಅದನ್ನು ಕೊಡಲಾಗದವನಿಗೆ ಸರದಿಯ ನೀರೂ ಇಲ್ಲ.

ಈ ಮಾತು ಯಾಕೆ ಎತ್ತಿದೆ ಅಂದರೆ, ತಜ್ಞರಿಗೆ ಗೊತ್ತಿರುವುದೂ ಎಫ್‌ಐಗೆ ಗೊತ್ತಿರುವುದೂ ಒಂದೇ ಮೇಜಿನ ಮೇಲೆ ಬರುವುದು ತೀರಾ ಕಡಿಮೆ. ಸಂಸ್ಥೆಗಳನ್ನು ಕಟ್ಟಿರುವುದೇ ಹಾಗೆ. ಫಾರ್ಮು ಮುಗಿದ ದಿನ ಎಫ್‌ಐ ಲೆಕ್ಕ ಚುಕ್ತಾ. ಟ್ಯಾಬ್ ವಾಪಸ್, ಐಡಿ ಕಾರ್ಡ್ ವಾಪಸ್, ಗ್ರೂಪಿನಿಂದಲೂ ಹೊರಗೆ. ವಿಶ್ಲೇಷಣೆ ಶುರುವಾಗುವುದು ಆಮೇಲೆ. ಅಂಕಿ ವಿಚಿತ್ರವಾಗಿ ಕಂಡಾಗ ಕೇಳೋಣ ಅಂದರೆ ಕೇಳಬೇಕಾದವನು ಗೊಬ್ಬರದ ಅಂಗಡಿಯಲ್ಲೋ ಇನ್ನೊಂದು ಸಂಸ್ಥೆಯ ಸರ್ವೆಯಲ್ಲೋ ಇರುತ್ತಾನೆ.

ಯಾವಾಗಲೂ ಹೀಗೇ ಇರಲಿಲ್ಲ. ನಮ್ಮ ದೇಶದಲ್ಲಿ ಈ ಕೆಲಸ ಶುರುವಾಗಿದ್ದು 1952ರಲ್ಲಿ, ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆಗೆ. ಅದನ್ನು ನೋಡಲು ಯೋಜನಾ ಆಯೋಗದ ಕೆಳಗೆ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಅಂತ ಮಾಡಿದ್ದರು. ಅದಕ್ಕೆ ತನ್ನದೇ ಪ್ರಾದೇಶಿಕ ಕಚೇರಿಗಳಿದ್ದವು, ಫೀಲ್ಡಿಗೆ ಹೋಗುವವರು ಅದರದೇ ನೌಕರರು. 2015ರಲ್ಲಿ ಅದು ನೀತಿ ಆಯೋಗದ ಹೊಸ ಕಚೇರಿಯೊಂದರಲ್ಲಿ ಸೇರಿಹೋಯಿತು. ನಮ್ಮ ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂತು. ಅದು ಅಧ್ಯಯನಗಳನ್ನು ಹೊರಗಿನ ಸಂಸ್ಥೆಗಳಿಂದ ಮಾಡಿಸುತ್ತೆ. ಹೊರಗಿನವರೇ ನೋಡಬೇಕು ಅನ್ನೋದು ಸರಿಯೇ, ಮಾಡಿದವರೇ ಅಂಕ ಹಾಕಿಕೊಳ್ಳಬಾರದು. ಆದರೆ ಆ ಹೊರಗಿನ ಸಂಸ್ಥೆಯ ಕೈಕಾಲು ಪ್ರತಿ ಪ್ರಾಜೆಕ್ಟಿಗೆ ಹೊಸದಾಗಿ ಬಾಡಿಗೆಗೆ ತಂದವು. ನೆನಪು ಎಲ್ಲಿ ಉಳಿಯಬೇಕು?

ಇದಕ್ಕೆಲ್ಲ ಕಳಶ ಇಟ್ಟ ಹಾಗೆ ಆದದ್ದು ಉದ್ಯೋಗ ಖಾತ್ರಿಯ ಒಂದು ಅಧ್ಯಯನದಲ್ಲಿ. 2006ರ ಫೆಬ್ರವರಿಯಲ್ಲಿ ಖಾತ್ರಿ ಶುರುವಾದ ಮೊದಲ 200 ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಊರಲ್ಲೇ ಕೆಲಸ ಸಿಕ್ಕರೆ ಜನ ಗುಳೆ ಹೋಗುವುದು ತಪ್ಪುತ್ತೆ ಅನ್ನೋದು ಅದರ ಮುಖ್ಯ ಆಸೆಗಳಲ್ಲಿ ಒಂದು. ಹಾಗಾದರೆ ಗುಳೆ ಕಡಿಮೆ ಆಗಿದೆಯಾ ಅಂತ ನಾವು ನೋಡಬೇಕಿತ್ತು. ಇಲಾಖೆಗೆ ಮಾರ್ಚ್ ಒಳಗೆ ಬಿಲ್ ಆಗಬೇಕು. ಆದ್ದರಿಂದ ಸರ್ವೆ ಫೆಬ್ರವರಿ, ಮಾರ್ಚ್‌ನಲ್ಲಿ. ಹತ್ತಿ ಬಿಡಿಸುವುದು ಮುಗಿದು, ಮಳೆಗೆ ಇನ್ನೂ ತಿಂಗಳುಗಳಿದ್ದು, ಜನ ಬೆಂಗಳೂರಿನ ಬಸ್ಸು ಹತ್ತಿ ಹೋಗಿರುವ ಕಾಲ ಅದು. ದೇವದುರ್ಗ ತಾಲ್ಲೂಕಿನ ತಾಂಡಾಗಳಲ್ಲಿ ಬಾಗಿಲಿಗೆ ಬೀಗ, ಬೀಗದ ಮುಂದೆ ನಾಯಿ ನುಗ್ಗದಂತೆ ಜಾಲಿ ಮುಳ್ಳು.

ನಿಯಮ ಏನು ಹೇಳುತ್ತೆ? ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮತ್ತೆ ಬಂದು ನೋಡು, ಆಗಲೂ ಸಿಗದಿದ್ದರೆ ಪಟ್ಟಿಯ ಮುಂದಿನ ಮನೆ. ಈ ನಿಯಮ ಬೇರೆ ಊರಿಗೆ, ಬೇರೆ ವಿಷಯಕ್ಕೆ ಸರಿ ಇರಬಹುದು. ಮಸ್ಕಿ ಕಡೆಯ ಒಬ್ಬ ಎಫ್‌ಐ ಎರಡನೇ ದಿನವೇ ಫೋನ್ ಮಾಡಿದ. "ಯಕ್ಕಾ, ಬೀಗ ಹಾಕಿದ ಮನಿ ಬಿಟ್ಟು ಮುಂದಿನ ಮನಿ ಮಾಡಂತೀರಿ. ಮುಂದಿನ ಮನ್ಯಾಗ ಇರೋರು ಗುಳೆ ಹೋಗದವ್ರು. ಬರೇ ಅವ್ರನ್ನ ಕೇಳಿದ್ರ ಗುಳೆ ಕಡಿಮಿ ಆಗ್ಯದಂತನ ಬರ್ತದಲ್ಲ?"

ಅವನು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬೀಗ ಹಾಕಿದ ಮನೆಗಳದ್ದೇ ಒಂದು ಪಟ್ಟಿ ಮಾಡಿದ್ದ. ಪಕ್ಕದ ಮನೆಯವರನ್ನು ಕೇಳಿ, ಯಾವಾಗ ಹೋದರು, ಎಷ್ಟು ಜನ ಹೋದರು, ಮಕ್ಕಳನ್ನು ಕರೆದುಕೊಂಡು ಹೋದರಾ ಇಲ್ಲಾ ಮುದುಕರ ಹತ್ತಿರ ಬಿಟ್ಟರಾ, ಫೋನ್ ನಂಬರ್ ಏನು ಅಂತ ಬರೆದುಕೊಂಡಿದ್ದ. ಬೆಂಗಳೂರಿನ ಸಂಖ್ಯಾಶಾಸ್ತ್ರಜ್ಞರು ಮೊದಲು ಒಪ್ಪಲಿಲ್ಲ. ಸ್ಯಾಂಪಲ್ ಪೂರ್ತಿ ಆಗಬೇಕು ಅಂತ ಒಪ್ಪಂದದಲ್ಲಿದೆ ಅಂದರು. ಆದರೆ ಪಟ್ಟಿ ಕಣ್ಣಿಂದ ನೋಡಿದ ಮೇಲೆ ಅವರೇ ದಾರಿ ಹುಡುಕಿದರು. ಬದಲಿ ಮನೆ ಮಾಡಿ, ಆದರೆ ಬೀಗದ ಮನೆಗೂ ಒಂದು ಸಣ್ಣ ಫಾರ್ಮ್ ತುಂಬಿ, ನಂಬರ್ ಸಿಕ್ಕವರಿಗೆ ಫೋನ್ ಮಾಡಿ. ಒಳ್ಳೆಯ ಕನ್ಸಲ್ಟೆಂಟ್ ಅಂದರೆ ಇದೇ ಅಂತ ನನ್ನ ಲೆಕ್ಕ. ನಿಯಮ ಗೊತ್ತಿದ್ದು, ಅದು ಎಲ್ಲಿ ಸುಳ್ಳು ಹೇಳಿಸುತ್ತೆ ಅಂತ ಯಾರಾದರೂ ತೋರಿಸಿದರೆ ನೋಡುವವರು.

ಫೋನ್ ಮಾಡುವ ಕೆಲಸ ಆಫೀಸಿನ ರಿಸರ್ಚ್ ಅಸೋಸಿಯೇಟ್ ಹುಡುಗಿಗೆ ಬಂತು. ಕರೆ ಮಾಡಿದವರಲ್ಲಿ ಒಬ್ಬರು ಎಲ್ಲಿದ್ದೀರಿ ಅಂದಾಗ ಹೇಳಿದ ಜಾಗ, ನಮ್ಮ ಆಫೀಸಿನಿಂದ ಎರಡು ರಸ್ತೆ ಆಚೆ. ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆಯಲ್ಲ, ಅದರ ಹಿಂದಿನ ಟಿನ್ ಶೆಡ್ಡುಗಳಲ್ಲಿ. ಸಂಜೆ ಕೆಲಸ ಬಿಟ್ಟ ಮೇಲೆ ಅವಳು ನಡೆದುಕೊಂಡೇ ಹೋದಳು. ಶೆಡ್ಡಿನ ಮುಂದೆ ನೀಲಿ ಡ್ರಮ್ಮಿನಲ್ಲಿ ನೀರು, ಒಳಗೆ ಊರಿಂದ ತಂದ ಜೋಳದ ಹಿಟ್ಟಿನ ಚೀಲ. ಹೆಂಡತಿ ಮೂರು ಇಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆತನಿಗೆ ಜಾಬ್ ಕಾರ್ಡ್ ಇತ್ತು, ಊರಲ್ಲಿ ಕೆಲಸವೂ ನಡೆದಿತ್ತು. ಮತ್ತೆ ಯಾಕೆ ಬಂದಿರಿ ಅಂದರೆ ಆತ ಹೇಳಿದ್ದನ್ನು ಅವಳು ಹಾಗೇ ರೆಕಾರ್ಡ್ ಮಾಡಿಕೊಂಡು ನನಗೆ ಕಳಿಸಿದ್ದಳು, ಅರ್ಥ ಆಗಲಿಲ್ಲ ಅಂತ. "ಖಾತ್ರಿ ರೊಕ್ಕ ಬರೂತನ ಕಿರಾಣಿ ಅಂಗಡ್ಯವ ತಡೀಬೇಕಲ್ರಿ ಯವ್ವಾ. ಇಲ್ಲಿ ವಾರಕ್ಕೊಮ್ಮೆ ಕೈಗೆ ಬರ್ತದ." ಹದಿನೈದು ದಿನದಲ್ಲಿ ಕೂಲಿ ಕೊಡಬೇಕು ಅಂತ ಕಾನೂನಿದೆ. ಕಿರಾಣಿ ಅಂಗಡಿಯವನಿಗೆ ಆ ಕಾನೂನು ಗೊತ್ತಿಲ್ಲ.

ಕೆಲಸ ಸಿಕ್ಕಿದೆಯಾ, ಎಷ್ಟು ದಿನ ಸಿಕ್ಕಿದೆ ಅಂತ ಮಾತ್ರ ಕೇಳುತ್ತಿದ್ದ ಅಧ್ಯಯನಕ್ಕೆ, ದುಡ್ಡು ಯಾವಾಗ ಬಂತು, ಅಲ್ಲಿಯವರೆಗೆ ಮನೆ ಹೇಗೆ ನಡೀತು ಅನ್ನೋ ಅಧ್ಯಾಯ ಸೇರಿತು. ಅದು ಬಂದದ್ದು ನೋಟ್‌ಬುಕ್ಕಿನ ಹಿಂದಿನ ಪುಟದಿಂದ. ಅಂತಿಮ ಸಭೆಯಲ್ಲಿ ಅಧಿಕಾರಿಗಳು ಆ ಅಧ್ಯಾಯದ ಮೇಲೆಯೇ ಜಾಸ್ತಿ ಪ್ರಶ್ನೆ ಕೇಳಿದರು. ಉತ್ತರ ಹೇಳಬೇಕಾದವನು ಸಭೆಯಲ್ಲಿ ಇರಲಿಲ್ಲ, ಅವನ ಒಪ್ಪಂದ ಎಂದೋ ಮುಗಿದಿತ್ತು.

ಮೌಲ್ಯಮಾಪನದಿಂದ ಏನೂ ಆಗಲ್ಲ ಅಂತ ಹೇಳುವವರಿಗೆ ನಾನು ಮೊಟ್ಟೆಯ ಕಥೆ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗದ್ದಲ ಆಯಿತು ನೆನಪಿದೆಯಲ್ವಾ? ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಕ ಮಾಡಿ, ಅಳೆದು ನೋಡಿದರು. ಯಾದಗಿರಿಯ ಮಕ್ಕಳ ತೂಕ ಜಾಸ್ತಿ ಏರಿತ್ತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ರಾಜಕೀಯವೂ ಕೆಲಸ ಮಾಡಿರುತ್ತೆ, ಇಲ್ಲ ಅನ್ನಲ್ಲ. ಆದರೆ ತಕ್ಕಡಿಯ ಅಂಕಿ ಕೈಯಲ್ಲಿದ್ದರೆ ವಾದಕ್ಕೆ ನಿಲ್ಲಲು ಒಂದು ಜಾಗ ಇರುತ್ತೆ. ಆ ತಕ್ಕಡಿ ಹೊತ್ತು ಶಾಲೆಯಿಂದ ಶಾಲೆಗೆ ತಿರುಗಿದವರು ಯಾರೋ ಇದ್ದಾರೆ. ನನ್ನ ಗಮನ ಅವರ ಕಡೆಗೇ ಹೋಗುತ್ತೆ.

ಈಗ ಹೊಸ ಪ್ರಸ್ತಾವ ಒಂದು ತಯಾರಾಗುತ್ತಿದೆ, ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆ. ನಾಣ್ಯ ಹಾಕಿದರೆ ಕೊಡ ತುಂಬುವ ಘಟಕ ಇದೆಯಲ್ಲ, ಅದು. ಎಷ್ಟು ಓಡುತ್ತಿವೆ, ಎಷ್ಟು ತುಕ್ಕು ಹಿಡಿದಿವೆ ಅಂತ ನೋಡಬೇಕು. ಬಜೆಟ್ ಹಾಳೆಯಲ್ಲಿ ನಾನು ಒಂದು ಸಾಲು ಸೇರಿಸಿದ್ದೇನೆ. ಡೇಟಾ ಬಂದು ಮೊದಲ ಟೇಬಲ್‌ಗಳು ಆದ ಮೇಲೆ ಎಲ್ಲ ಎಫ್‌ಐಗಳನ್ನು ಕೂಲಿ ಕೊಟ್ಟು ಮತ್ತೆ ಕರೆಸಿ, ತಜ್ಞರ ಜೊತೆ ಎರಡು ದಿನ ಕೂರಿಸುವುದು. ಜೊತೆಗೆ ಎರಡನೇ ಪುಟದ ತಂಡದ ಪಟ್ಟಿಯಲ್ಲಿ, ಒಪ್ಪಿದವರ ಹೆಸರು ಹಾಕುವುದು. ಹೆಸರಿಗೆ ಯಾರೂ ತಕರಾರು ಮಾಡಲಿಲ್ಲ, ಅದಕ್ಕೆ ದುಡ್ಡು ಬೇಕಿಲ್ಲವಲ್ಲ. ಎರಡು ದಿನದ ಸಾಲಿಗೆ ಹಣಕಾಸು ನೋಡುವವರು ಫೋನ್ ಮಾಡಿ, "ಡೇಟಾ ಬಂದ್ಮೇಲೆ ಇವರ್ಯಾಕೆ ಮೇಡಂ?" ಅಂದರು. ಬೀಗದ ಮನೆ ಪಟ್ಟಿಯ ಫೋಟೊ ಕಳಿಸಿದೆ. ಒಂದು ದಿನಕ್ಕೆ ಒಪ್ಪಿದ್ದಾರೆ. ಎರಡನೇ ದಿನದ ಜಗಳ ಇನ್ನೂ ನಡೀತಿದೆ.